ಮತದಾರರ ದಿನ ಪ್ರತಿಜ್ಞೆ ಮಾಡಿದೆವು. ಆದರೆ ನಮ್ಮ ಕ್ಲಾಸಿನಲ್ಲಿ ವೋಟು ಹಾಕಿದವರು ಎಷ್ಟು ಜನ?

ಜಗಳೂರು ಹುಡುಗಿ
25 ಜನವರಿ 2025, ಸಂಜೆ 7:10

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯಲ್ಲಿ ಹಾಸ್ಟೆಲ್‌ನಲ್ಲಿದ್ದು ಎಂಎ ಓದುತ್ತಿದ್ದೇನೆ. ಊರು ಜಗಳೂರು ತಾಲ್ಲೂಕು.

ಇವತ್ತು ಮತದಾರರ ದಿನ ಅಲ್ವಾ. ಬೆಳಿಗ್ಗೆ ಕಾಲೇಜಿನಲ್ಲಿ ಎಲ್ಲರೂ ಎದ್ದು ನಿಂತು, ಕೈ ಮುಂದೆ ಚಾಚಿ ಪ್ರತಿಜ್ಞೆ ಮಾಡಿದೆವು. ಐದು ನಿಮಿಷದ ಕೆಲಸ. ಕ್ಲಾಸಿಗೆ ಬಂದು ಕೂತ ಮೇಲೆ ನನಗೆ ಏನೋ ಅನ್ನಿಸಿ ಕೇಳಿಬಿಟ್ಟೆ: "ಹೋದ ವರ್ಷ ಲೋಕಸಭೆಗೆ ವೋಟು ಹಾಕಿದೋರು ಕೈ ಎತ್ರಪ್ಪ." ಅರ್ಧದಷ್ಟು ಕೈಯೂ ಏಳಲಿಲ್ಲ. ಇವರೆಲ್ಲ ಇಪ್ಪತ್ತೆರಡು, ಇಪ್ಪತ್ಮೂರು ವರ್ಷದವರು. ದಿನಾ ಪೇಪರ್ ಓದುವವರು. ಕ್ಯಾಂಟೀನಿನಲ್ಲಿ ಕೂತರೆ ರಾಜಕೀಯ ಬಿಟ್ಟು ಬೇರೆ ಮಾತಾಡದವರೂ ಇದ್ದಾರೆ.

ಯಾಕೆ ಅಂತ ಒಬ್ಬೊಬ್ಬರನ್ನೇ ಕೇಳಿದೆ. "ಯಾರು ಬಂದ್ರೂ ಅಷ್ಟೇ" ಅನ್ನುವ ಮಾತು ಎಲ್ಲಕ್ಕಿಂತ ಜೋರಾಗಿ ಕೇಳಿಸಿತು. ಆದರೆ ಹಾಗೆ ಅಂದವರು ಇಬ್ಬರೋ ಮೂವರೋ. ಉಳಿದವರದ್ದು ಬೇರೆ ಕತೆ. ಒಬ್ಬನ ಹೆಸರು ಊರಿನ ಪಟ್ಟಿಯಲ್ಲಿದೆ, ಮಾರನೇ ದಿನ ಇಲ್ಲಿ ಪರೀಕ್ಷೆ ಇತ್ತು. ಇನ್ನೊಬ್ಬನ ಹೆಸರು ಎಲ್ಲೂ ಇಲ್ಲ. ಮತ್ತೊಬ್ಬ ಅರ್ಜಿ ಹಾಕಿದ್ದಾನೆ, ಅದು ಏನಾಯಿತು ಅಂತ ತಿಳಿದಿಲ್ಲ. ಒಬ್ಬಳು ಬಹಳ ಹೊತ್ತು ಸುಮ್ಮನಿದ್ದು ಆಮೇಲೆ ಹೇಳಿದಳು: "ನನ್ನನ್ನ ಯಾರೂ ಕರೀಲೇ ಇಲ್ಲ ಕಣೇ. ಅಪ್ಪ, ಅಣ್ಣ ಹೋಗಿ ಹಾಕಿ ಬಂದ್ರು. ನಿನ್ನ ಹೆಸರು ಇದೆಯಾ ಅಂತ ಕೂಡ ಯಾರೂ ನೋಡಲಿಲ್ಲ." ಆ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ.

ನಮ್ಮ ಜಗಳೂರು ಕ್ಷೇತ್ರದಲ್ಲಿ 2023ರ ವಿಧಾನಸಭೆ ಚುನಾವಣೆ ತೀರ್ಮಾನವಾದದ್ದು 874 ಮತಗಳಲ್ಲಿ. ನಾನು ಮೊದಲ ಸಲ ವೋಟು ಹಾಕಿದ್ದು ಅದೇ ಚುನಾವಣೆಗೆ. ನಮ್ಮ ಕಡೆಯ ಹಳ್ಳಿಗಳಿಂದ ಬೆಂಗಳೂರಿನ ಗಾರ್ಮೆಂಟ್ಸಿಗೆ, ಹೋಟೆಲಿಗೆ, ಡೆಲಿವರಿ ಕೆಲಸಕ್ಕೆ ಅಂತ ಎಷ್ಟು ಹುಡುಗರು ಹೋಗಿದ್ದಾರೆ ಅಂತ ಯೋಚನೆ ಮಾಡಿದರೆ ಆ 874 ಬಹಳ ಸಣ್ಣ ಸಂಖ್ಯೆ ಅನ್ನಿಸುತ್ತದೆ.

ಯುವಕರಿಗೆ ಆಸಕ್ತಿ ಇಲ್ಲ, ಅವರಿಗೆ ಮೊಬೈಲೇ ಪ್ರಪಂಚ ಅಂತ ಎಲ್ಲರೂ ಹೇಳುತ್ತಾರೆ. ನಿಜವಾಗಿಯೂ ಹಾಗೇನಾ? ನೀವು ವೋಟು ಹಾಕಿಲ್ಲದಿದ್ದರೆ ಯಾಕೆ ಅಂತ ಬರೆಯಿರಿ. ಬೈಯಲಿಕ್ಕೆ ಕೇಳುತ್ತಿಲ್ಲ.


ಚಳ್ಳಕೆರೆ ಶೇಂಗಾ
25 ಜನವರಿ, ರಾತ್ರಿ 8:02

ನಾನೇ ಹೇಳುತ್ತೇನೆ. ವಯಸ್ಸು 27. 2018ಕ್ಕೆ ಇನ್ನೂ ಕಾರ್ಡ್ ಇರಲಿಲ್ಲ. 2019ಕ್ಕೆ ಹಾಕಿದೆ. 2023ಕ್ಕೂ ಹಾಕಿಲ್ಲ, 2024ಕ್ಕೂ ಹಾಕಿಲ್ಲ. ಎರಡೂ ಸಲ ಊರಲ್ಲೇ ಇದ್ದೆ. ಬೂತು ನಮ್ಮ ಮನೆಯಿಂದ ಕೂಗಳತೆ ದೂರ.

ನಮ್ಮದು ಮಳೆ ನಂಬಿಕೊಂಡ ಹೊಲ. ಬೋರು ಕೊರೆಸಿ ಕೊರೆಸಿ ಅಪ್ಪ ಸಾಲ ಮಾಡಿಕೊಂಡರು. ಭದ್ರಾ ಮೇಲ್ದಂಡೆ ಯೋಜನೆಯ ನೀರು ಬರುತ್ತದೆ ಅಂತ ನಾನು ಚಡ್ಡಿ ಹಾಕಿಕೊಂಡು ಶಾಲೆಗೆ ಹೋಗುವಾಗಿನಿಂದ ಕೇಳುತ್ತಿದ್ದೇನೆ. 2023ರ ಫೆಬ್ರುವರಿಯಲ್ಲಿ ಕೇಂದ್ರದ ಬಜೆಟ್‌ನಲ್ಲಿ 5,300 ಕೋಟಿ ಅಂದರು. ಊರಲ್ಲಿ ಪಟಾಕಿ ಹೊಡೆದೆವು. ಎರಡು ವರ್ಷವಾಯಿತು, ಆ ದುಡ್ಡು ಬಂದಿಲ್ಲ. ಇವರು ಅವರನ್ನು ಕೇಳಿ ಅನ್ನುತ್ತಾರೆ, ಅವರು ಇವರನ್ನು ಕೇಳಿ ಅನ್ನುತ್ತಾರೆ. ತುಮಕೂರಿನಿಂದ ಚಿತ್ರದುರ್ಗದ ಮೇಲೆ ದಾವಣಗೆರೆಗೆ ನೇರ ರೈಲು ಅಂತ 2011-12ರಲ್ಲಿ ಮಂಜೂರಾಯಿತು. ಆಗ ನಾನು ಹೈಸ್ಕೂಲಿಗೆ ಹೋಗುತ್ತಿದ್ದೆ.

ನನಗೆ ಸೋಮಾರಿತನ ಇಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಗಾಡಿ ತೆಗೆಯುವವನು ನಾನು. ವೋಟು ಹಾಕದೆ ಇದ್ದದ್ದು ಬೇಕಂತಲೇ. ಬೇಜಾರಿನಿಂದ.


ಮಿಲ್ ರಸ್ತೆ ಮೇಷ್ಟ್ರು
25 ಜನವರಿ, ರಾತ್ರಿ 9:15

ತಮ್ಮಾ, ನಿನ್ನ ಬೇಜಾರು ಸುಳ್ಳಲ್ಲ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಈ ಹುಡುಗಿ ಕೇಳಿದ್ದಕ್ಕೆ ಎರಡು ಮಾತು.

ನನ್ನ ತಲೆಮಾರು ಹದಿನೆಂಟಕ್ಕೆ ವೋಟು ಪಡೆದ ಮೊದಲ ತಲೆಮಾರು. ಅದಕ್ಕೆ ಮುಂಚೆ 21 ತುಂಬಬೇಕಿತ್ತು. ಸಂವಿಧಾನದ 61ನೇ ತಿದ್ದುಪಡಿ 1989ರ ಮಾರ್ಚಿನಲ್ಲಿ ಜಾರಿಗೆ ಬಂತು. ಅದೇ ವರ್ಷದ ಕೊನೆಗೆ ಚುನಾವಣೆ. ನನಗೆ ಹತ್ತೊಂಬತ್ತು. ಕಾಟನ್ ಮಿಲ್ಲಿನ ಪಕ್ಕದ ಶಾಲೆಯಲ್ಲಿ ಬೂತು. ನಾವು ಗೆಳೆಯರೆಲ್ಲ ಗುಂಪು ಕಟ್ಟಿಕೊಂಡು ಹೋಗಿದ್ದೆವು. ವಾಪಸ್ ಬರುವಾಗ ಮಂಡಕ್ಕಿ ಮಿರ್ಚಿ ತಿನ್ನುತ್ತಾ ಬೆರಳಿನ ಶಾಯಿ ಒಬ್ಬರಿಗೊಬ್ಬರು ತೋರಿಸಿಕೊಂಡೆವು.

ಆದರೆ ಒಂದು ವಿಷಯ ಗಮನಿಸಿ. ನಮಗೆ ಅದು ಹೊಸ ಅಭ್ಯಾಸ ಆಗಿರಲಿಲ್ಲ. ಕಾಲೇಜಿನಲ್ಲಿ ವಿದ್ಯಾರ್ಥಿ ಸಂಘಕ್ಕೆ ಅಷ್ಟರಲ್ಲಾಗಲೇ ವೋಟು ಹಾಕಿದ್ದೆವು. ಸೋತವನ ಮುಖ ನೋಡಿದ್ದೆವು. ಗೆದ್ದವನ ಹತ್ತಿರ ಹೋಗಿ "ನೀರಿನ ನಲ್ಲಿ ಎಲ್ಲೋ?" ಅಂತ ಕೇಳಿದ್ದೆವು. ಹದಿನೆಂಟಕ್ಕೆ ವೋಟು ಬಂದ ಹೆಚ್ಚುಕಡಿಮೆ ಅದೇ ಹೊತ್ತಿಗೆ ನಮ್ಮ ರಾಜ್ಯದ ಕಾಲೇಜುಗಳಲ್ಲಿ ಆ ಚುನಾವಣೆ ನಿಂತುಹೋಯಿತು. ಗಲಾಟೆ ಆಗುತ್ತಿತ್ತು, ನಿಜ. ಹೊಡೆದಾಟವೂ ಆಗಿದೆ. ಆದರೆ ಅದರ ಜೊತೆಗೆ ಒಂದು ರೂಢಿಯೂ ಹೋಯಿತು. ಈಗಿನ ಹುಡುಗರು ಬದುಕಿನ ಮೊಟ್ಟಮೊದಲ ವೋಟನ್ನೇ ಎಂಎಲ್‌ಎಗೋ ಎಂಪಿಗೋ ಹಾಕಬೇಕು. ಈಜು ಕಲಿಯದವನನ್ನು ಸೂಳೆಕೆರೆಗೆ ಇಳಿಸಿದ ಹಾಗೆ.

ಎರಡನೆಯದು ಶೇಕಡಾ ಲೆಕ್ಕ. 2024ರಲ್ಲಿ ದಾವಣಗೆರೆ ಲೋಕಸಭಾ ಕ್ಷೇತ್ರದಲ್ಲಿ ಹತ್ತಿರ ಹತ್ತಿರ ಶೇಕಡಾ 77 ಮತದಾನ ಆಯಿತು. ಬೆಂಗಳೂರು ದಕ್ಷಿಣದಲ್ಲಿ ಶೇಕಡಾ 53ರ ಆಸುಪಾಸು. ಪೇಪರ್ ನೋಡಿ ನಾವೆಲ್ಲ ಬೀಗಿದೆವು. ಆದರೆ ಆ 77 ಯಾವುದರ 77? ಪಟ್ಟಿಯಲ್ಲಿ ಹೆಸರಿದ್ದವರದ್ದು ಮಾತ್ರ. ಒಂದು ಬೀದಿಯಲ್ಲಿ ಹದಿನೆಂಟು ತುಂಬಿದವರು ನೂರು ಜನ ಇದ್ದಾರೆ ಅಂದುಕೊಳ್ಳಿ. ಎಂಬತ್ತು ಜನರ ಹೆಸರಿದೆ. ಅರವತ್ತು ಜನ ಹಾಕಿದರು. ಪೇಪರಿನಲ್ಲಿ ಶೇಕಡಾ 75 ಅಂತ ಬರುತ್ತದೆ. ಹೆಸರೇ ಇಲ್ಲದ ಆ ಇಪ್ಪತ್ತು ಜನ ವೋಟು ಹಾಕದವರ ಲೆಕ್ಕಕ್ಕೂ ಬರುವುದಿಲ್ಲ. ಆ ಇಪ್ಪತ್ತರಲ್ಲಿ ಜಾಸ್ತಿ ಇರುವವರು ಹದಿನೆಂಟು ಹತ್ತೊಂಬತ್ತರ ಮಕ್ಕಳೇ. 2024ಕ್ಕೆ ಇಡೀ ದೇಶದಲ್ಲಿ ಆ ವಯಸ್ಸಿನ 1.8 ಕೋಟಿ ಜನ ಪಟ್ಟಿಯಲ್ಲಿದ್ದರು. ಆ ವಯಸ್ಸಿನವರು ದೇಶದಲ್ಲಿ ಇರುವುದು ಅದರ ಎರಡರಷ್ಟಕ್ಕಿಂತ ಜಾಸ್ತಿ.

ಅದಕ್ಕೇ ನಾನು ಹೇಳುವುದು, ಹುಡುಗರು ಬೂತಿಗೆ ಬರಲಿಲ್ಲ ಅನ್ನುವ ಮೊದಲು ಅವರ ಹೆಸರು ಅಲ್ಲಿತ್ತಾ ನೋಡಿ.


ದುರ್ಗದವನು ಬೆಂಗಳೂರಲ್ಲಿ
25 ಜನವರಿ, ರಾತ್ರಿ 10:40

ಮೇಷ್ಟ್ರೇ, ಹೆಸರು ಇದ್ದರೂ ಕಷ್ಟ ಇದೆ. ನಾನು ಚಿತ್ರದುರ್ಗದವನು. ಪೀಣ್ಯದಲ್ಲಿ ಕೆಲಸ.

ನಮ್ಮ ಕ್ಷೇತ್ರಕ್ಕೆ ಏಪ್ರಿಲ್ 26, ಶುಕ್ರವಾರ. ಬೆಂಗಳೂರಿಗೂ ಅವತ್ತೇ. ಹಾಗಾಗಿ ರಜೆ ಸಿಕ್ಕಿತು. ಗುರುವಾರ ರಾತ್ರಿ ಮೆಜೆಸ್ಟಿಕ್‌ನಲ್ಲಿ ಕಾಲಿಡಲು ಜಾಗ ಇರಲಿಲ್ಲ. ದುರ್ಗದ ತನಕ ನಿಂತುಕೊಂಡೇ ಹೋದೆ. ನೇರ ರೈಲು ಇದ್ದಿದ್ದರೆ ಅಂತ ಅವತ್ತು ಅನ್ನಿಸಿದಷ್ಟು ಯಾವತ್ತೂ ಅನ್ನಿಸಿಲ್ಲ. ರೈಲಿಗೆ ಅಂದರೆ ಚಿಕ್ಕಜಾಜೂರು ಸುತ್ತಿಕೊಂಡು ಬರಬೇಕು. ಚಳ್ಳಕೆರೆ ಅಣ್ಣ ಹೇಳಿದ ಆ ಹಳೇ ರೈಲಿನ ಮಾತಿಗೂ ವೋಟಿಗೂ ಸಂಬಂಧ ಇದೆ, ನೋಡಿ.

ನನ್ನ ರೂಮ್‌ಮೇಟ್ ಹರಿಹರದವನು. ಅವನ ಕ್ಷೇತ್ರಕ್ಕೆ ಮೇ 7, ಮಂಗಳವಾರ. ಬೆಂಗಳೂರಿನ ಚುನಾವಣೆ ಆಗಲೇ ಮುಗಿದಿತ್ತು. ಅವನ ಮೇಲಿನವರು ಹೇಳಿದರು: "ಎಲೆಕ್ಷನ್ ರಜೆ ಹನ್ನೊಂದು ದಿನದ ಹಿಂದೇನೇ ಕೊಟ್ಟಿದ್ದೀವಲ್ಲ." ಸೋಮವಾರ ಅರ್ಧ ದಿನ, ಮಂಗಳವಾರ ಪೂರ್ತಿ, ಬುಧವಾರ ಬೆಳಿಗ್ಗೆ ಬಂದು ಸೇರುವಷ್ಟರಲ್ಲಿ ಇನ್ನರ್ಧ. ಎರಡು ದಿನದ ಸಂಬಳ ಹೋಗುತ್ತಿತ್ತು. ಅವನು ಹೋಗಲಿಲ್ಲ. ಆ ರಾತ್ರಿ ಅವನು ಸರಿಯಾಗಿ ಊಟ ಮಾಡಲಿಲ್ಲ. ಇವನನ್ನು ಆಸಕ್ತಿ ಇಲ್ಲದ ಯುವಕ ಅಂತ ಕರೆದರೆ ನನಗೆ ಸಿಟ್ಟು ಬರುತ್ತದೆ.

ಆಮೇಲೆ ನಮಗೆ ತಿಳಿದದ್ದು ಏನೆಂದರೆ, ಕಾನೂನು ಅವನ ಪರವಾಗಿಯೇ ಇತ್ತು. 1951ರ ಜನಪ್ರತಿನಿಧಿ ಕಾಯ್ದೆಯಲ್ಲಿ 135ಬಿ ಅಂತ ಒಂದು ಕಲಂ ಇದೆ. ಕೆಲಸಗಾರನಿಗೆ ಯಾವ ಕ್ಷೇತ್ರದಲ್ಲಿ ವೋಟು ಇದೆಯೋ ಆ ಕ್ಷೇತ್ರದ ಮತದಾನದ ದಿನ ಸಂಬಳದ ಸಮೇತ ರಜೆ ಕೊಡಬೇಕು. ಕೆಲಸದ ಜಾಗ ಬೇರೆ ಕ್ಷೇತ್ರದಲ್ಲಿದ್ದರೂ ಇದು ಅನ್ವಯಿಸುತ್ತದೆ ಅಂತ ಚುನಾವಣಾ ಆಯೋಗವೇ ಹೇಳಿದೆ. ದಿನಗೂಲಿಯವರಿಗೂ ಉಂಟು. ಕೊಡದ ಮಾಲೀಕರಿಗೆ ದಂಡ 500 ರೂಪಾಯಿ ತನಕ. ದಂಡ ಅಷ್ಟೇ ಇದ್ದರೆ ಯಾರು ಹೆದರುತ್ತಾರೆ ಅಂತ ನೀವು ಕೇಳಬಹುದು. ಆದರೆ ಮೊದಲೇ ಗೊತ್ತಿದ್ದರೆ ಅವನು ಆ ಕಲಂ ಬರೆದು ಒಂದು ಪತ್ರವನ್ನಾದರೂ ಕೊಡುತ್ತಿದ್ದ. ಪ್ರತಿಜ್ಞೆಯ ಜೊತೆಗೆ ಇದನ್ನೂ ಒಂದು ಸಾಲು ಓದಿ ಹೇಳಬಾರದಾ?

ಇನ್ನೊಂದು ಮಾತು. 2023ರಲ್ಲಿ ನಾನಿರುವ ಇದೇ ಬೆಂಗಳೂರಿನ ಜಯನಗರದಲ್ಲಿ ಗೆಲುವಿನ ಅಂತರ 16 ಮತ. ಹದಿನಾರು! ಒಂದು ಮದುವೆ ಮನೆಯ ಒಂದು ಪಂಕ್ತಿಯಷ್ಟೂ ಇಲ್ಲ.


ಕುಂದುವಾಡ ಕೆರೆ
25 ಜನವರಿ, ರಾತ್ರಿ 11:05

ಡೆಲಿವರಿ ಹುಡುಗರಿಗೂ ಈ ರಜೆ ಸಿಗುತ್ತದಾ? ನನ್ನ ತಮ್ಮ ಅದೇ ಕೆಲಸ ಮಾಡುತ್ತಾನೆ.


ದುರ್ಗದವನು ಬೆಂಗಳೂರಲ್ಲಿ
25 ಜನವರಿ, ರಾತ್ರಿ 11:12

ಅಕ್ಕ, ಅಲ್ಲೇ ತೊಡಕು. ಅವರನ್ನು ಕೆಲಸಗಾರ ಅನ್ನುವುದಿಲ್ಲ, ಪಾರ್ಟ್ನರ್ ಅನ್ನುತ್ತಾರೆ. ಆ್ಯಪ್ ಆಫ್ ಮಾಡಿದರೆ ಅವತ್ತಿನ ದುಡಿಮೆ ಇಲ್ಲ. ಅವರಿಗೆ ರಜೆ ಕೊಡುವವರು ಯಾರು ಅಂತಲೇ ಗೊತ್ತಾಗುವುದಿಲ್ಲ.


ಬೂತ್ ಅಕ್ಕ, ಹರಿಹರ ತಾಲ್ಲೂಕು
26 ಜನವರಿ, ಮಧ್ಯಾಹ್ನ 2:30

ಬಾವುಟ ಹಾರಿಸಿ, ಮಕ್ಕಳಿಗೆ ಸಿಹಿ ಹಂಚಿ ಈಗ ಕೂತೆ. ನಾನು ಅಂಗನವಾಡಿಯಲ್ಲಿ ಕೆಲಸ ಮಾಡುತ್ತೇನೆ. ಅದರ ಜೊತೆಗೆ ನಮ್ಮ ಬೂತಿಗೆ ಬಿಎಲ್‌ಓ. ಅಂದರೆ ನಿಮ್ಮ ಹೆಸರು ಪಟ್ಟಿಗೆ ಸೇರಿಸುವ, ತೆಗೆಯುವ ಅರ್ಜಿ ಬಂದರೆ ಮನೆಗೆ ಬಂದು ನೋಡುವವಳು ನಾನೇ. ಇಲ್ಲಿ ಬರೆದದ್ದೆಲ್ಲ ಓದಿದೆ. ನಾನು ಬಾಗಿಲಲ್ಲಿ ನಿಂತು ಕಂಡದ್ದು ಹೇಳುತ್ತೇನೆ.

ಮನೆಗೆ ಹೋದಾಗ ಆ ಹುಡುಗ ಯಾವತ್ತೂ ಮನೆಯಲ್ಲಿ ಇರುವುದಿಲ್ಲ. ಅವನ ಅಮ್ಮ ಬರುತ್ತಾರೆ. "ಅವನು ಬೆಂಗಳೂರಾಗೆ ಐದಾನೆ, ಇಲ್ಯಾಕೆ ಬಿಡ್ರಿ ಮೇಡಂ" ಅನ್ನುತ್ತಾರೆ. ಬೆಂಗಳೂರಿನಲ್ಲಿ ಅವನಿರುವುದು ಒಂದು ಪಿಜಿಯಲ್ಲಿ. ವರ್ಷಕ್ಕೆ ಎರಡು ಸಲ ಬದಲಾಯಿಸುತ್ತಾನೆ. ಅಲ್ಲಿ ಯಾವ ಬಿಎಲ್‌ಓ ಅವನನ್ನು ಹುಡುಕಿಕೊಂಡು ಹೋಗಬೇಕು? ಇಲ್ಲೂ ಇಲ್ಲ, ಅಲ್ಲೂ ಇಲ್ಲ.

ಹೆಣ್ಣುಮಕ್ಕಳದ್ದು ಇನ್ನೊಂದು. "ಮದುವೆ ಆಗಿ ಹೋಗೋಳು, ಅಲ್ಲೇ ಮಾಡಿಸ್ಕೊಳ್ಳಲಿ" ಅನ್ನುತ್ತಾರೆ. ಹುಡುಗಿಗೆ ಹದಿನೆಂಟು. ಮದುವೆ ಇಪ್ಪತ್ತಮೂರಕ್ಕೋ ಇಪ್ಪತ್ತನಾಲ್ಕಕ್ಕೋ. ನಡುವಿನ ಐದಾರು ವರ್ಷ ಅವಳ ವೋಟು ಎಲ್ಲಿಗೆ ಹೋಯಿತು? ಜಗಳೂರು ಹುಡುಗಿ ಬರೆದ ಆ ಗೆಳತಿ ನನಗೆ ಚೆನ್ನಾಗಿ ಗೊತ್ತು. ಅಂಥವಳು ನಮ್ಮ ಒಂದೊಂದು ಓಣಿಯಲ್ಲೂ ಇದ್ದಾಳೆ.

ಅರ್ಜಿ ಹಾಕಿದವರದ್ದೂ ಎಷ್ಟೋ ಸಲ ಅರ್ಧಕ್ಕೇ ನಿಲ್ಲುತ್ತದೆ. ಸೈಬರ್‌ನವರು ತಮ್ಮದೇ ಫೋನ್ ನಂಬರ್ ಹಾಕಿ ಅರ್ಜಿ ತುಂಬಿರುತ್ತಾರೆ. ಮೆಸೇಜು ಅಲ್ಲಿಗೆ ಹೋಗುತ್ತದೆ. ಅಂಕಪಟ್ಟಿಯಲ್ಲಿ ಒಂದು ಹುಟ್ಟಿದ ದಿನ, ಆಧಾರ್‌ನಲ್ಲಿ ಇನ್ನೊಂದು. ನಾನು ಫೋನ್ ಮಾಡಿದರೆ ಹೊಸ ನಂಬರ್ ಅಂತ ಎತ್ತುವುದಿಲ್ಲ. ತಪ್ಪು ನಮ್ಮ ಕಡೆಯೂ ಆಗುತ್ತದೆ. ಪೋಷಣೆ ಲೆಕ್ಕ, ಲಸಿಕೆ, ಸಮೀಕ್ಷೆ ಎಲ್ಲದರ ನಡುವೆ ಈ ಕೆಲಸ. ಒಂದೊಂದು ಮನೆಗೆ ಮೂರು ಸಲ ಹೋಗಬೇಕಾದಲ್ಲಿ ಒಂದೇ ಸಲ ಹೋಗಿ ಬಂದದ್ದುಂಟು. ಒಪ್ಪಿಕೊಳ್ಳುತ್ತೇನೆ.

ಮೇಷ್ಟ್ರು ಶೇಕಡಾ ಬಗ್ಗೆ ಹೇಳಿದ್ದು ಸರಿ. ಮತದಾನದ ದಿನ ಬೂತಿನಲ್ಲಿ ಗಂಡಸರೆಷ್ಟು, ಹೆಂಗಸರೆಷ್ಟು ಅಂತ ಎರಡು ಗಂಟೆಗೊಮ್ಮೆ ಲೆಕ್ಕ ಹೋಗುತ್ತದೆ. ವಯಸ್ಸಿನ ಲೆಕ್ಕ ಯಾರೂ ಕೇಳುವುದಿಲ್ಲ. ಆದರೂ ಚೀಟಿ ಹಂಚಿಕೊಂಡು ಬಾಗಿಲಲ್ಲಿ ಕೂತವಳಿಗೆ ಕಾಣುತ್ತದಲ್ಲ. ಬೆಳಿಗ್ಗೆ ಏಳಕ್ಕೆ ಬರುವವರು ಅಜ್ಜ ಅಜ್ಜಿಯರು. ಹುಡುಗರು ಬಂದರೆ ಸಂಜೆ ನಾಲ್ಕರ ಮೇಲೆ, ಅದೂ ಗುಂಪಿನಲ್ಲಿ. ಒಬ್ಬನೇ ಬರಲು ನಾಚಿಕೆ. ಮೊದಲ ಸಲ ಬಂದವರ ಕೈ ನಡುಗುತ್ತದೆ. ಒಬ್ಬ ಹುಡುಗಿ ಹೊರಗೆ ಬಂದು ನನ್ನನ್ನು ಪಿಸುಮಾತಲ್ಲಿ ಕೇಳಿದಳು: "ಅಕ್ಕ, ನಾನು ಯಾರಿಗೆ ಹಾಕಿದೆ ಅಂತ ನಮ್ಮಪ್ಪಂಗೆ ಗೊತ್ತಾಗುತ್ತಾ?" ಇಲ್ಲ ಕಂದ ಅಂದೆ. ವೋಟಿನ ಯಂತ್ರದ ಪಕ್ಕದ ವಿವಿಪ್ಯಾಟ್ ಪೆಟ್ಟಿಗೆಯ ಚೀಟಿ ಏಳು ಸೆಕೆಂಡ್ ನಿನಗೆ ಮಾತ್ರ ಕಾಣುತ್ತದೆ, ಆಮೇಲೆ ಒಳಗೆ ಬೀಳುತ್ತದೆ, ಅದರಲ್ಲಿ ನಿನ್ನ ಹೆಸರಿಲ್ಲ ಅಂತ ಹೇಳಿದೆ. ಅವಳ ಮುಖ ಅರಳಿದ್ದು ನೋಡಬೇಕಿತ್ತು ನೀವು.


ಕುಂದುವಾಡ ಕೆರೆ
26 ಜನವರಿ, ಮಧ್ಯಾಹ್ನ 3:20

"ಮದುವೆ ಆಗಿ ಹೋಗೋಳು." ನನಗೂ ಇದೇ ಮಾತು ಹೇಳಿದ್ದರು ಅಕ್ಕ.

ನನ್ನ ತವರು ಹೊನ್ನಾಳಿ. ಹದಿನೆಂಟಕ್ಕೆ ಹೆಸರು ಸೇರಿಸಲಿಲ್ಲ. ಮದುವೆಯಾಗಿ ದಾವಣಗೆರೆಗೆ ಬಂದೆ. ಇಲ್ಲಿ ಮೊದಲ ಮೂರು ವರ್ಷ ಅಡ್ರೆಸ್ ಪ್ರೂಫ್ ಇರಲಿಲ್ಲ. ಆಮೇಲೆ ಮಗು. ನಾನು ಮೊದಲ ವೋಟು ಹಾಕುವಾಗ ನನಗೆ ಇಪ್ಪತ್ತೊಂಬತ್ತು. ನಮ್ಮ ಅತ್ತೆ ನನಗಿಂತ ಉತ್ಸಾಹದಿಂದ ನನ್ನನ್ನು ಕರೆದುಕೊಂಡು ಹೋದರು. ಹನ್ನೊಂದು ವರ್ಷ ತಡ. ನನ್ನನ್ನು ಆ ಹನ್ನೊಂದು ವರ್ಷ ಯಾರಾದರೂ ನೋಡಿದ್ದರೆ, ಇವಳಿಗೆ ರಾಜಕೀಯ ಬೇಡ, ಸೀರಿಯಲ್ ಸಾಕು ಅಂತಲೇ ಅನ್ನುತ್ತಿದ್ದರು.


ಚಳ್ಳಕೆರೆ ಶೇಂಗಾ
26 ಜನವರಿ, ಸಂಜೆ 6:45

ಎಲ್ಲ ಓದಿದೆ. ನಿಮ್ಮದೆಲ್ಲ ಹೋಗಲು ಆಗದ ಕತೆ. ನನ್ನದು ಹೋಗದ ಕತೆ. ಅದಕ್ಕೆ ಯಾರೂ ಉತ್ತರ ಹೇಳಲಿಲ್ಲ.

ಯಾರೂ ಬೇಡ ಅನ್ನುವ ನೋಟಾ ಗುಂಡಿ ಒತ್ತು ಅಂತ ಹೇಳಬೇಡಿ. ನೋಟಾ ಎಷ್ಟೇ ಬಂದರೂ ಉಳಿದವರಲ್ಲಿ ಯಾರಿಗೆ ಜಾಸ್ತಿಯೋ ಅವರೇ ಗೆಲ್ಲುತ್ತಾರೆ.


ಮಿಲ್ ರಸ್ತೆ ಮೇಷ್ಟ್ರು
26 ಜನವರಿ, ರಾತ್ರಿ 8:10

ನಿಜ ತಮ್ಮಾ. ಸುಪ್ರೀಂ ಕೋರ್ಟ್ 2013ರಲ್ಲಿ ನೋಟಾ ಕೊಟ್ಟಿತು, ಅದಕ್ಕೆ ಸೋಲಿಸುವ ಶಕ್ತಿ ಕೊಡಲಿಲ್ಲ. ಒಂದು ವ್ಯತ್ಯಾಸ ಮಾತ್ರ ಇದೆ. ಒತ್ತಿದರೆ ನಿನ್ನ ಬೇಜಾರು ಫಲಿತಾಂಶದ ಹಾಳೆಯಲ್ಲಿ ಒಂದು ಸಂಖ್ಯೆಯಾಗಿ ಉಳಿಯುತ್ತದೆ. ಮನೆಯಲ್ಲಿ ಕೂತರೆ ಮಲಗಿದ್ದವನಿಗೂ ಸಿಟ್ಟಾದವನಿಗೂ ವ್ಯತ್ಯಾಸವೇ ಕಾಣುವುದಿಲ್ಲ.

ಒಂದು ಮತದಿಂದ ಏನಾಗುತ್ತದೆ ಅನ್ನುವವರಿಗೆ ನಾನು ಯಾವಾಗಲೂ ಸಂತೇಮರಹಳ್ಳಿ ಹೇಳುತ್ತೇನೆ. 2004ರ ವಿಧಾನಸಭೆ ಚುನಾವಣೆ. ಎ.ಆರ್. ಕೃಷ್ಣಮೂರ್ತಿ ಅವರು ಆರ್. ಧ್ರುವನಾರಾಯಣ ಅವರ ಎದುರು ಸೋತದ್ದು ಒಂದೇ ಒಂದು ಮತದಿಂದ. ಆದರೆ ನಿನಗೆ ಅದು ಉತ್ತರ ಅಲ್ಲ, ಗೊತ್ತು. ನಿನ್ನ ಪ್ರಶ್ನೆ ಯಾರು ಗೆಲ್ಲುತ್ತಾರೆ ಅನ್ನುವುದಲ್ಲ. ಗೆದ್ದ ಮೇಲೆ ಯಾರು ಕೇಳುತ್ತಾರೆ ಅನ್ನುವುದು.

ಒಂದು ಕೇಳಲಾ? 2020ರ ಡಿಸೆಂಬರ್‌ನಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಆಯಿತಲ್ಲ. ಅವಾಗ ಏನು ಮಾಡಿದೆ?


ಚಳ್ಳಕೆರೆ ಶೇಂಗಾ
26 ಜನವರಿ, ರಾತ್ರಿ 8:31

ಹಾಕಿದೆ. ಅದನ್ನು ಬಿಡಲು ಆಗುತ್ತದಾ ಮೇಷ್ಟ್ರೇ? ಬೆಳಿಗ್ಗೆ ಏಳಕ್ಕೇ ಸಾಲಿನಲ್ಲಿದ್ದೆ. ಅಜ್ಜಿಯನ್ನು ಗಾಡಿಯಲ್ಲಿ ಕೂರಿಸಿಕೊಂಡು ಹೋದೆ. ಬೆಂಗಳೂರಿನಲ್ಲಿದ್ದ ನಮ್ಮ ದಾಯಾದಿ ಹುಡುಗರು ಟೆಂಪೊ ಮಾಡಿಕೊಂಡು ಬಂದಿದ್ದರು. ನಮ್ಮ ಓಣಿಯ ಹುಡುಗ ನಿಂತಿದ್ದ. ಗೆದ್ದ. ನೀರಿನ ಟ್ಯಾಂಕು ತೊಳೆಸಿಲ್ಲ ಅಂದರೆ ಅವನ ಮನೆ ಬಾಗಿಲಿಗೇ ಹೋಗಿ ಬೈಯುತ್ತೇನೆ.


ಮಿಲ್ ರಸ್ತೆ ಮೇಷ್ಟ್ರು
26 ಜನವರಿ, ರಾತ್ರಿ 8:58

ಇದನ್ನೇ ನಿನ್ನ ಬಾಯಲ್ಲಿ ಕೇಳಬೇಕಿತ್ತು. ನೀನು ವೋಟು ಬಿಟ್ಟವನಲ್ಲ. ಬಾಗಿಲಿಗೆ ಹೋಗಿ ಕೇಳಲು ಆಗದ ಕಡೆ ಮಾತ್ರ ಬಿಟ್ಟಿದ್ದೀಯ.

ಈಗ ನೋಡು. ನಿನ್ನ ಓಣಿಯ ಪಂಚಾಯಿತಿ ಸದಸ್ಯನಿಗೂ ನಿನ್ನ ಎಂಎಲ್‌ಎಗೂ ನಡುವೆ ಇರಬೇಕಾದ ಎರಡು ಮೆಟ್ಟಿಲು ತಾಲ್ಲೂಕು ಪಂಚಾಯಿತಿ, ಜಿಲ್ಲಾ ಪಂಚಾಯಿತಿ. ಅವುಗಳ ಚುನಾವಣೆ ಕೊನೆಯದಾಗಿ ನಡೆದದ್ದು 2016ರ ಫೆಬ್ರುವರಿಯಲ್ಲಿ. 2021ಕ್ಕೆ ಅವಧಿ ಮುಗಿಯಿತು. ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಅಂತ ಹೇಳುತ್ತಾ ಇವತ್ತಿನ ತನಕ ಮತ್ತೆ ನಡೆದಿಲ್ಲ. ಇವತ್ತು ಇಪ್ಪತ್ತಾರು ವರ್ಷದವನು ಆಗ ಹದಿನೇಳರ ಹುಡುಗ. ಅಂದರೆ ಇಪ್ಪತ್ತಾರು ತುಂಬಿದರೂ ಬದುಕಿನಲ್ಲಿ ಒಮ್ಮೆಯೂ ಜಿಲ್ಲಾ ಪಂಚಾಯಿತಿಗೆ ವೋಟು ಹಾಕದವರು ನಮ್ಮ ಎರಡೂ ಜಿಲ್ಲೆಯಲ್ಲಿ ತುಂಬಿದ್ದಾರೆ. ಅವರು ಹಾಕಲಿಲ್ಲ ಅಂತಲ್ಲ, ಪೆಟ್ಟಿಗೆಯನ್ನೇ ಇಡಲಿಲ್ಲ. ಇಪ್ಪತ್ತೊಂದು ತುಂಬಿದರೆ ಅಲ್ಲಿ ಸ್ಪರ್ಧಿಸಲೂಬಹುದು. ವಿಧಾನಸಭೆಗೆ ಇಪ್ಪತ್ತೈದು ಆಗಬೇಕು. ಹಾಗಾಗಿ ಹುಡುಗರು ನಿಂತು, ಸೋತು, ಗೆದ್ದು ಕಲಿಯುವ ಜಾಗವೇ ಅದು. ಕಾಲೇಜಿನದ್ದು ಮುಚ್ಚಿದೆವು, ಇದನ್ನು ತಡೆದೆವು. ಆಮೇಲೆ ಹುಡುಗರಿಗೆ ಆಸಕ್ತಿಯಿಲ್ಲ ಅಂತ ವೇದಿಕೆ ಮೇಲೆ ಭಾಷಣ ಮಾಡುತ್ತೇವೆ. ಈ ಮಾತು ಬರೆಯುವಾಗ ನನ್ನ ಕೈ ನಡುಗುತ್ತಿದೆ. ಮೂವತ್ತು ವರ್ಷ ಪಾಠ ಮಾಡಿದವನು ನಾನು. ನನ್ನ ಹುಡುಗರು ಹೀಗಿರಲಿಲ್ಲ, ಈಗಲೂ ಇಲ್ಲ.


ದುರ್ಗದವನು ಬೆಂಗಳೂರಲ್ಲಿ
26 ಜನವರಿ, ರಾತ್ರಿ 9:20

ಚಳ್ಳಕೆರೆ ಅಣ್ಣ, ಒಂದು ಮಾತು. ವಾಣಿವಿಲಾಸ ಸಾಗರ ಈ ತಿಂಗಳು ಕೋಡಿ ಬಿತ್ತಲ್ಲ. 1933, 2022, ಈಗ. ಕಟ್ಟಿದ ಮೇಲೆ ಮೂರನೇ ಸಲ. ನಾನು ಊರಿಗೆ ಬಂದು ನೋಡಿಕೊಂಡು ಹೋದೆ. ಅದಕ್ಕೆ ಭದ್ರೆ ನೀರು ಬರಲು ಎಷ್ಟು ಜನ ಎಷ್ಟು ವರ್ಷ ರಸ್ತೆಯಲ್ಲಿ ಕೂತರು ಅಂತ ನಮ್ಮ ತಾತ ಹೇಳುತ್ತಿದ್ದರು. ಅವರಲ್ಲಿ ಯಾರೂ ವೋಟು ಬಿಟ್ಟವರಲ್ಲ. ಎರಡನ್ನೂ ಮಾಡಿದರು. ನಿಮ್ಮನ್ನು ಒಪ್ಪಿಸಲು ಹೇಳುತ್ತಿಲ್ಲ. ನಿಮ್ಮ ಹೊಲಕ್ಕೆ ಇನ್ನೂ ನೀರು ಬಂದಿಲ್ಲ, ನನಗೆ ಗೊತ್ತು.


ಪಿಯುಸಿ ಹರಪನಹಳ್ಳಿ ರಸ್ತೆ
27 ಜನವರಿ, ಬೆಳಿಗ್ಗೆ 7:05

ನನಗೆ ಏಪ್ರಿಲ್ ಎರಡನೇ ವಾರ ಹದಿನೆಂಟು ತುಂಬುತ್ತದೆ. ಮುಂದಿನ ಜನವರಿ ತನಕ ಕಾಯಬೇಕು ಅಂತ ಸೈಬರ್‌ನವರು ಹೇಳಿದರು. ಹೌದಾ?


ಬೂತ್ ಅಕ್ಕ, ಹರಿಹರ ತಾಲ್ಲೂಕು
27 ಜನವರಿ, ಬೆಳಿಗ್ಗೆ 9:40

ಇಲ್ಲಪ್ಪ, ಅದು ಹಳೆಯ ನಿಯಮ. 2022ರಿಂದ ವರ್ಷಕ್ಕೆ ನಾಲ್ಕು ದಿನ ಇವೆ. ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1. ನಿನಗೆ ಏಪ್ರಿಲ್ ಎರಡನೇ ವಾರ ತುಂಬುವುದರಿಂದ ಜುಲೈ 1ರ ಲೆಕ್ಕಕ್ಕೆ ಬರುತ್ತೀಯ. ಹದಿನೇಳು ದಾಟಿದ್ದರೆ ಮೊದಲೇ ಅರ್ಜಿ ಕೊಟ್ಟಿಡಬಹುದು. ಫಾರ್ಮ್ 6. ವೋಟರ್ ಹೆಲ್ಪ್‌ಲೈನ್ ಆ್ಯಪ್‌ನಲ್ಲಿ ನೀನೇ ತುಂಬು. ನಿನ್ನದೇ ನಂಬರ್ ಹಾಕು. ತುಂಬಿದ ಮೇಲೆ ಒಂದು ರೆಫರೆನ್ಸ್ ನಂಬರ್ ಬರುತ್ತದೆ, ಅದನ್ನು ಬರೆದಿಟ್ಟುಕೋ. ತೊಂದರೆಯಾದರೆ 1950ಕ್ಕೆ ಫೋನ್ ಮಾಡು.

ಎಲ್ಲರಿಗೂ ಹೇಳುತ್ತೇನೆ, ಚುನಾವಣೆ ಘೋಷಣೆ ಆಗಲಿ ಅಂತ ಕಾಯಬೇಡಿ. ನಾಮಪತ್ರ ಸಲ್ಲಿಸುವ ಕೊನೆಯ ದಿನಕ್ಕೆ ಪಟ್ಟಿ ಮುಚ್ಚುತ್ತದೆ. ಅದಕ್ಕೂ ಎಷ್ಟೋ ದಿನ ಮೊದಲು ಅರ್ಜಿ ನಮ್ಮ ಕೈ ಸೇರಿರಬೇಕು. ಹಿಂದಿನ ದಿನ ಓಡಿಬಂದು ಅತ್ತವರನ್ನು ನಾನು ಕಂಡಿದ್ದೇನೆ.


ಜಗಳೂರು ಹುಡುಗಿ
27 ಜನವರಿ, ರಾತ್ರಿ 9:00

ಎಷ್ಟು ಜನ ಬರೆದಿದ್ದೀರಿ, ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಕ್ಲಾಸಿನಲ್ಲಿ ನಿಮ್ಮ ಮಾತುಗಳನ್ನು ಓದಿ ಹೇಳಿದೆ. 135ಬಿ ಕೇಳಿ ಎಲ್ಲರೂ ಬರೆದುಕೊಂಡರು. ಮುಂದಿನ ವರ್ಷ ನಾವೆಲ್ಲ ಕೆಲಸಕ್ಕೆ ಹೋಗುವವರೇ.

ಈಗ ನಮ್ಮಲ್ಲೊಂದು ವಾದ ಶುರುವಾಗಿದೆ. ಹಾಸ್ಟೆಲ್‌ನಲ್ಲಿರುವವರು ಹೆಸರನ್ನು ಎಲ್ಲಿ ಇಟ್ಟುಕೊಳ್ಳಬೇಕು? ಓದುವ ಊರಿನಲ್ಲೋ, ಹುಟ್ಟಿದ ಊರಿನಲ್ಲೋ? ವಿದ್ಯಾರ್ಥಿಗಳು ಎರಡರಲ್ಲಿ ಯಾವುದಾದರೂ ಒಂದು ಕಡೆ ಇಟ್ಟುಕೊಳ್ಳಬಹುದು ಅಂತ ಗೊತ್ತಾಯಿತು. ಎರಡೂ ಕಡೆ ಇರಬಾರದು.


ಮಿಲ್ ರಸ್ತೆ ಮೇಷ್ಟ್ರು
27 ಜನವರಿ, ರಾತ್ರಿ 9:25

ಇರುವ ಊರಿನಲ್ಲಿ ಇಟ್ಟುಕೊಳ್ಳಮ್ಮಾ. ನೀನು ನಡೆಯುವ ರಸ್ತೆ ಇದು, ಕುಡಿಯುವ ನೀರು ಇದು. ಬೀದಿ ದೀಪ ಇಲ್ಲ ಅಂತ ನೀವು ಹುಡುಗಿಯರು ಎಷ್ಟು ಸಲ ಹೇಳಿಲ್ಲ? ಈ ಊರಿನಲ್ಲಿ ವೋಟೇ ಇಲ್ಲದವರ ಮಾತು ಇಲ್ಲಿ ಯಾರು ಕೇಳುತ್ತಾರೆ? ಸಾವಿರಾರು ವಿದ್ಯಾರ್ಥಿಗಳು ಇರುವ ಊರು ದಾವಣಗೆರೆ. ಅವರದ್ದು ಒಂದು ದನಿ ಅಂತ ಆಗಲಿ.


ದುರ್ಗದವನು ಬೆಂಗಳೂರಲ್ಲಿ
27 ಜನವರಿ, ರಾತ್ರಿ 9:50

ನಾನು ಇದನ್ನು ಒಪ್ಪುವುದಿಲ್ಲ ಮೇಷ್ಟ್ರೇ. ಕ್ಷಮಿಸಿ. ಗ್ರಾಮ ಪಂಚಾಯಿತಿಯ ಪಟ್ಟಿ ಮಾಡುವುದು ವಿಧಾನಸಭೆಯ ಪಟ್ಟಿ ಇಟ್ಟುಕೊಂಡೇ. ಹೆಸರು ದಾವಣಗೆರೆಗೆ ಬಂದರೆ ಊರಿನ ಪಂಚಾಯಿತಿಯಲ್ಲೂ ವೋಟು ಹೋಗುತ್ತದೆ. ಅಲ್ಲಿ ಒಂದು ಎರಡು ಮತದಲ್ಲಿ ಸೋಲು ಗೆಲುವು ಆಗುತ್ತದೆ. ಸಮ ಬಂದರೆ ಚೀಟಿ ಎತ್ತುತ್ತಾರೆ. ಓದಿದ ಹುಡುಗಿಯರೆಲ್ಲ ಹೆಸರು ಎತ್ತಿಕೊಂಡು ಪೇಟೆಗೆ ಬಂದರೆ ಹಳ್ಳಿಯಲ್ಲಿ ಉಳಿಯುವವರು ಯಾರು? ನನ್ನ ಹೆಸರು ದುರ್ಗದಲ್ಲೇ ಇರಲಿ. ನಿಂತುಕೊಂಡೇ ಬಂದು ಹಾಕುತ್ತೇನೆ.


ಕುಂದುವಾಡ ಕೆರೆ
27 ಜನವರಿ, ರಾತ್ರಿ 10:02

ನೀವು ಬರುತ್ತೀರಿ ತಮ್ಮಾ. ಎಲ್ಲರಿಗೂ ಬರಲು ಆಗುವುದಿಲ್ಲ, ಅದನ್ನು ನೀವೇ ಬರೆದಿದ್ದೀರಿ. ನಿಮ್ಮ ಹರಿಹರದ ಗೆಳೆಯನಿಗೆ ಯಾವುದು ಸರಿ?


ದುರ್ಗದವನು ಬೆಂಗಳೂರಲ್ಲಿ
27 ಜನವರಿ, ರಾತ್ರಿ 10:20

ಅವನನ್ನು ಕೇಳಿದೆ. ಬೆಂಗಳೂರಿಗೆ ಬದಲಾಯಿಸು ಅಂದೆ. "ಅಲ್ಲಿ ಹಾಕಿದ್ರೆ ಅದು ನನ್ನ ವೋಟು ಅನ್ಸಲ್ಲ ಕಣೋ" ಅಂದ. ನನ್ನ ಹತ್ತಿರ ಉತ್ತರ ಇಲ್ಲ ಅಕ್ಕ.


ಜಗಳೂರು ಹುಡುಗಿ
1 ಫೆಬ್ರುವರಿ, ಸಂಜೆ 6:15

ಅಕ್ಕ, ಈ ವಾರ ನಾವು ಏಳು ಜನ ಸೇರಿ ಕ್ಲಾಸಿನವರ ಹೆಸರನ್ನೆಲ್ಲ ಆ್ಯಪ್‌ನಲ್ಲಿ ಹುಡುಕಿದೆವು. ಕೆಲವರ ಹೆಸರು ಸಿಕ್ಕಿತು, ಅವರಿಗೇ ಅದು ಗೊತ್ತಿರಲಿಲ್ಲ. ಸಿಗದವರು ಫಾರ್ಮ್ 6 ತುಂಬಿದರು. ದಾವಣಗೆರೆಗೆ ಬದಲಾಯಿಸಿಕೊಳ್ಳುವವರು ಫಾರ್ಮ್ 8 ಹಾಕಿದರು. ನಾನು ನನ್ನ ಹೆಸರನ್ನು ಊರಿನಲ್ಲೇ ಬಿಟ್ಟಿದ್ದೇನೆ. ನನ್ನ ಪಕ್ಕದ ಬೆಂಚಿನವಳು ಇಲ್ಲಿಗೆ ತಂದುಕೊಂಡಳು. ಇಬ್ಬರೂ ಜಗಳ ಆಡಿಲ್ಲ.

ಮನೆಯಲ್ಲಿ ಯಾರೂ ಕರೆಯಲಿಲ್ಲ ಅಂತ ಹೇಳಿದ್ದಳಲ್ಲ, ಆ ಗೆಳತಿಯದ್ದು ಬೇರೆಯೇ ಆಗಿದೆ. ಅವಳ ಹೆಸರು ಎರಡು ಕಡೆ ಇದೆ! ಒಂದು ಅಜ್ಜಿಯ ಊರಿನಲ್ಲಿ, ಒಂದು ಅಪ್ಪನ ಮನೆಯಲ್ಲಿ. ಇಷ್ಟು ವರ್ಷ ತನ್ನ ಹೆಸರು ಎಲ್ಲೂ ಇಲ್ಲ ಅಂದುಕೊಂಡಿದ್ದಳು. ಒಂದನ್ನು ತೆಗೆಸಬೇಕಲ್ಲ, ಏನು ಮಾಡಬೇಕು?


ಬೂತ್ ಅಕ್ಕ, ಹರಿಹರ ತಾಲ್ಲೂಕು
1 ಫೆಬ್ರುವರಿ, ರಾತ್ರಿ 8:50

ಫಾರ್ಮ್ 7. ಬೇಡದ ಕಡೆಯ ಹೆಸರಿಗೆ ಅವಳೇ ಅರ್ಜಿ ಕೊಡಲಿ. ಎರಡರದ್ದೂ ಎಪಿಕ್ ನಂಬರ್, ಅಂದರೆ ವೋಟರ್ ಕಾರ್ಡಿನ ನಂಬರ್ ಬರೆದುಕೊಳ್ಳಲಿ. ಯಾವುದನ್ನು ತೆಗೆಯಬೇಕು ಅಂತ ಅವಳೇ ತೀರ್ಮಾನ ಮಾಡಲಿ, ಮನೆಯವರು ಬೇಡ. ಆ ಬೂತಿನ ಬಿಎಲ್‌ಓ ನಂಬರ್ ಸಿಗದಿದ್ದರೆ ನನಗೆ ಹೇಳಿ, ನಾನು ವಿಚಾರಿಸಿ ಕೊಡುತ್ತೇನೆ.


ಜಗಳೂರು ಹುಡುಗಿ
1 ಫೆಬ್ರುವರಿ, ರಾತ್ರಿ 9:05

ಹೇಳಿದೆ ಅಕ್ಕ. ಅಜ್ಜಿ ಊರಿನದ್ದು ಇರಲಿ ಅಂದಳು. ಸೋಮವಾರ ತುಂಬುತ್ತೇವೆ.